ಬೇಲಿ ದಾಟಿದ ದೆವ್ವಕ್ಕೆ ಎಷ್ಟು ಅಂಕ

ಏಳನೆಯ ಕಂತಿನಲ್ಲಿ ದೆವ್ವ ಗಂಡಿನ ಕೈ ಮುರಿಯಿತು. ನಾನು ಹತ್ತಕ್ಕೆ ಎಂಟು ಅಂಕ ಕೊಟ್ಟೆ.

ಸುಮ್ಮನೆ ಕೊಟ್ಟಿದ್ದಲ್ಲ. ದೆವ್ವ ಅವನನ್ನು ರಸ್ತೆಗೆ ಕೆಡವಿ, ಬೆನ್ನ ಮೇಲೆ ಮಂಡಿಯೂರಿ, ಬಲಗೈಯನ್ನು ಹಿಂದಕ್ಕೆ ಎಳೆದು ಹಸಿ ಸೌದೆ ಮುರಿದ ಹಾಗೆ ಮುರಿಯುತ್ತದೆ. ಮುರಿದ ಮೇಲೆ ತನ್ನ ಹೆಂಡತಿಯ ಹೆಸರು ಹಿಡಿದು ಅಳುತ್ತದೆ. ಓದುವಾಗ ನನ್ನ ಮೊಳಕೈಯೇ ಜುಂ ಅಂದಿತು. ಇಂಥ ಕತೆಗಳನ್ನು ಓದಿ ಓದಿ ಎಮ್ಮೆ ಚರ್ಮ ಬಂದಿರುವ ನನಗೆ ಹಾಗಾಗುವುದು ಅಪರೂಪ. ಎರಡು ಅಂಕ ಕಳೆದಿದ್ದಕ್ಕೆ ಬೇರೆ ಕಾರಣವಿತ್ತು.

ಫೋನಿನಲ್ಲಿ ಕೇಳುವ ಧಾರಾವಾಹಿ ಕತೆಗಳನ್ನು ತಯಾರಿಸುವ ಬೆಂಗಳೂರಿನ ಒಂದು ಕಂಪನಿಗೆ ನಾನು ಬಂಗಾರಪೇಟೆಯ ಮನೆಯಲ್ಲೇ ಕೂತು ಕತೆ ಓದಿ ಕೊಡುತ್ತೇನೆ. ಆ ವರ್ಷ ಅವರು ದೆವ್ವದ ಪ್ರೇಮಕತೆಗಳ ಸ್ಪರ್ಧೆ ಇಟ್ಟರು. ಬಂದ ಕತೆಗಳನ್ನು ಸೋಸುವುದು, ಕೊನೆಗೆ ಉಳಿದು ಪ್ರಸಾರವಾಗುವ ಮೂರಕ್ಕೆ ಕಂತು ಕಂತಿಗೂ ಅಂಕ ಹಾಕುವುದು ನನ್ನ ಪಾಲಿಗೆ ಬಂತು. ಬಂದ ರಾಶಿಯ ಮುಕ್ಕಾಲು ಪಾಲಿನಲ್ಲಿ ಒಂದೇ ನಾಯಕ. ಸತ್ತಿರುತ್ತಾನೆ, ಕಣ್ಣು ಕೆಂಪಗಿರುತ್ತದೆ, ಮೊದಲ ಕಂತಿನಲ್ಲೇ ಹುಡುಗಿಯ ಕತ್ತು ಹಿಸುಕುತ್ತಾನೆ. ನಾಲ್ಕನೆಯದಕ್ಕೆ ಅವಳು ಅವನಿಗೆ ಮನಸ್ಸು ಕೊಟ್ಟಿರುತ್ತಾಳೆ. ಕತ್ತು ಹಿಸುಕಿದ್ದಕ್ಕೆ ಪ್ರೀತಿ ಅಂತ ಹೆಸರಿಟ್ಟವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಕೇಳುಗರು ಅದನ್ನೇ ಬೇಡುತ್ತಾರೆ, ಕಂಪನಿ ಅದನ್ನೇ ಬಡಿಸುತ್ತದೆ, ನನ್ನ ಮನೆಯ ಬಾಡಿಗೆಯೂ ಅದರಲ್ಲೇ ಹೋಗುತ್ತದೆ.

ಅಂಕಕ್ಕೆ ನಾಲ್ಕು ಭಾಗ: ಭಯ, ಪ್ರೀತಿ, ಮಾತು, ಕಟ್ಟಳೆ. ಕೊನೆಯದನ್ನು ಸೇರಿಸಿದ್ದು ನಾನು. ದೆವ್ವ ಎಲ್ಲಿಗೆ ಹೋಗಬಲ್ಲದು, ಎಲ್ಲಿಗೆ ಹೋಗಲಾರದು, ಯಾವುದಕ್ಕೆ ಹೆದರುತ್ತದೆ ಅನ್ನುವುದನ್ನು ಬರೆದವನು ಮೊದಲೇ ಹೇಳಬೇಕು, ಹೇಳಿದ ಮೇಲೆ ಮುರಿಯಬಾರದು. ಕಟ್ಟಳೆಯಿಲ್ಲದ ದೆವ್ವ ಬ್ರೇಕಿಲ್ಲದ ಲಾರಿ. ಯಾರ ಮೇಲೆ ಹರಿದರೂ ಲೇಖಕ ನನಗೆ ಗೊತ್ತಿಲ್ಲ ಅಂದುಬಿಡುತ್ತಾನೆ.

ಕೈ ಮುರಿದ ಕತೆ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನಿಂದ ಬಂದಿತ್ತು. ಮುಚ್ಚಿದ ಗಣಿಯ ಬಾವಿಯಂಥ ಶಾಫ್ಟಿಗೆ ತಾಮ್ರದ ತಂತಿ ಕದಿಯಲು ಇಳಿದ ಒಬ್ಬ ಜಾರಿ ಬಿದ್ದು ಸಾಯುತ್ತಾನೆ. ಅವನ ಪ್ರೇತ ಶಾಫ್ಟಿನ ಸುತ್ತಲಿನ ಕಬ್ಬಿಣದ ಬೇಲಿಯೊಳಗೆ ಉಳಿಯುತ್ತದೆ. "ಈ ಬೇಲಿ ನನ್ನ ಹೊಸಿಲು, ದಾಟಿದರೆ ಬೂದಿಯಾಗುತ್ತೇನೆ" ಎಂದು ಮೊದಲ ಕಂತಿನಲ್ಲೇ ಅದು ಹೇಳುತ್ತದೆ. ನಾನು ಕಟ್ಟಳೆಗೆ ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ ಭೇಷ್ ಎಂದು ಬರೆದಿದ್ದೆ. ಆಮೇಲೆ ಅವನ ಹೆಂಡತಿಯನ್ನು ಮದುವೆಯಾಗಲು ಇನ್ನೊಬ್ಬ ಮುಂದೆ ಬರುತ್ತಾನೆ. ಏಳನೆಯ ಕಂತಿಗೆ ದೆವ್ವ ಬೇಲಿಯನ್ನೂ ಬಿಟ್ಟು, ಚಾಂಪಿಯನ್ನನ್ನೂ ಬಿಟ್ಟು ಮೈಲಿಗಟ್ಟಲೆ ದೂರದ ಬೂದಿಕೋಟೆ ರಸ್ತೆಯಲ್ಲಿ ನಿಂತಿರುತ್ತದೆ!

ಲೇಖಕನಿಗೆ ಫೋನು ಮಾಡಿದೆ. ಮೂವತ್ತರ ಒಳಗಿನ ದನಿ, ಒಳ್ಳೆ ಗಡಸು ದನಿ.

"ಬೇಲಿ ದಾಟಿದ್ದು ಹೇಗಪ್ಪ?"

"ಪ್ರೀತಿಗ್ಯಾವ ಬೇಲಿ ಮೇಡಂ."

"ನೀನೇ ಹಾಕಿದ ಬೇಲಿ."

ಅವನು ನಕ್ಕ. "ಕೇಳೋರ್ಗೆ ಏಟು ಬೇಕು ಮೇಡಂ. ಬೇಲಿ ಯಾರ್ಗೆ ಬೇಕು?"

ತಿದ್ದುವುದಿಲ್ಲ ಎಂದ. ನಾನು ಎರಡು ಅಂಕ ಕಡಿದು ಮುಂದಿನ ಕೆಲಸಕ್ಕೆ ಹೋದೆ.

ಕಾಗದದ ಮೇಲೆ ಹಾಕಿದ ಅಂಕವನ್ನು ನಾನು ಹಾಗೇ ನಂಬುವುದಿಲ್ಲ. ಅದೇ ಗಣಿ ಸಾಲಿನ ಕೋರಮಂಡಲ್‌ನಲ್ಲಿ ನನ್ನ ಗೆಳತಿಯ ಹೊಲಿಗೆ ಕೇಂದ್ರವಿದೆ. ಶಾಲೆಯ ಯೂನಿಫಾರಂ, ಲಂಗ ಹೊಲಿಯುವ ಹೆಂಗಸರು ಸಾಲಾಗಿ ಕೂತಿರುತ್ತಾರೆ. ಅವರ ಮಧ್ಯೆ ಸ್ಟೂಲ್ ಹಾಕಿಕೊಂಡು ಕಂತನ್ನು ಗಟ್ಟಿಯಾಗಿ ಓದುತ್ತೇನೆ. ಅಭಿಪ್ರಾಯ ಕೇಳುವುದಿಲ್ಲ, ಕೇಳಿದರೆ ಎಲ್ಲರೂ ಚೆನ್ನಾಗೈತೆ ಅನ್ನುತ್ತಾರೆ. ಹೊಲಿಗೆ ಯಂತ್ರಗಳ ಸದ್ದಿಗೆ ಕಿವಿ ಕೊಡುತ್ತೇನೆ. ಎಲ್ಲಿ ಕಾಲು ನಿಲ್ಲುತ್ತದೋ ಅಲ್ಲಿ ಕತೆ ಹಿಡಿದಿದೆ. ಏಳನೆಯ ಕಂತಿನಲ್ಲಿ ಮೂಳೆ ಮುರಿಯುವ ಹೊತ್ತಿಗೆ ಯಂತ್ರಗಳೆಲ್ಲ ನಿಂತವು. ಮೂಲೆಯ ಒಂದು ಮಾತ್ರ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ತಲೆ ಬಗ್ಗಿಸಿ ತುಳಿಯುತ್ತಿದ್ದ ಆ ಹೆಂಗಸನ್ನು ನೋಡಿ, ಇವಳಿಗೆ ಕಿವಿಯಿಲ್ಲವೋ ಎದೆಯಿಲ್ಲವೋ ಅಂದುಕೊಂಡೆ. ಅವಳಿಗೆ ಎಷ್ಟು ಅಂಕ ಹಾಕುವುದೆಂದು ನನಗೆ ತಿಳಿಯಲಿಲ್ಲ.

ಕಂತು ಪ್ರಸಾರವಾದ ವಾರದಲ್ಲೇ ಬಂಗಾರಪೇಟೆ ಸ್ಟೇಷನ್ ಎದುರಿನ ಪಾನಿಪುರಿ ಗಾಡಿಯಲ್ಲಿ ಸುದ್ದಿ ಕೇಳಿದೆ. ಗಾಡಿಯವನು ಪುರಿಗೆ ನಮ್ಮೂರಿನ ಹೆಸರಾದ ಬಿಳಿ ಪಾನಿ ತುಂಬುತ್ತಾ, "ಅಕ್ಕ, ಬೂದಿಕೋಟೆ ರೋಡಲ್ಲಿ ದೆವ್ವ ಒಡ್ದೈತಂತೆ. ಫೋನಲ್ಲಿ ಬತ್ತದಲ್ಲ, ಅದೇ ದೆವ್ವ," ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋಗುತ್ತಿದ್ದವನನ್ನು ಮಂಜಿನಲ್ಲಿ ಯಾರೋ ಹಿಂದಿನಿಂದ ಬೈಕಿನಿಂದ ಕೆಡವಿದ್ದರು. ಬಲಗೈ ಮೊಳಕೈ ಹತ್ತಿರ ಮುರಿದಿತ್ತು. ಮೂಳೆ ಹೊರಗೆ ಕಾಣುತ್ತಿತ್ತಂತೆ. ಉರುಳಿದ ಕ್ಯಾನಿನ ಹಾಲಿನಲ್ಲಿ ರಕ್ತ ಸೇರಿ ರಸ್ತೆಯೆಲ್ಲ ಹರಿದಿತ್ತಂತೆ. "ಚಾಂಪಿಯನ್‌ದು ಒಬ್ಳು ಗಂಡ ಸತ್ತೋಳ್ನ ಮದ್ವೆ ಮಾಡ್ಕಳಾಕಿದ್ನಂತಕ್ಕ," ಎಂದು ಅವನು ಸೇರಿಸಿದ ಮೇಲೆ ಕೈಯಲ್ಲಿದ್ದ ಪುರಿಯನ್ನು ತಟ್ಟೆಗೆ ಇಟ್ಟುಬಿಟ್ಟೆ.

ಮಾರನೆಯ ದಿನ ಹೊಲಿಗೆ ಕೇಂದ್ರಕ್ಕೆ ಹೋದರೆ ಹೆಂಗಸರು ಕೈ ಮುಗಿದು, ಓದಬೇಡಿ ಎಂದರು. ಸರಿ ಎಂದು ವಾಪಸು ಹೊರಟೆ. ಕೋರಮಂಡಲ್ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ರೈಲಿಗೆ ಕಾಯುತ್ತಿದ್ದಾಗ ಮೂಲೆಯ ಯಂತ್ರದ ಹೆಂಗಸು ಬಂದು ಪಕ್ಕದಲ್ಲಿ ಕೂತಳು.

"ಅಕ್ಕ, ಮುಂದಿನ್ ಕಂತೆಲ್ಲ ನಿಮ್ತಾವ ಬಂದೈತಾ?"

"ಬಂದಿದೆ. ಕೊನೆಯವರೆಗೂ ಸಾರಾಂಶ ಕಳಿಸಿದ್ದಾನೆ. ಯಾಕಮ್ಮ?"

"ಕೊನೇದ್ರಲ್ಲಿ ನಾನೇನಾಯ್ತೀನಿ?"

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಶಾಫ್ಟಿನಲ್ಲಿ ಬಿದ್ದು ಸತ್ತವನು ಅವಳ ಗಂಡ. ಬರೆಯುತ್ತಿರುವವನು ಅವನ ತಮ್ಮ. ಅತ್ತೆ, ಮೈದುನ, ಇವಳು ಗಣಿ ಕಾರ್ಮಿಕರ ಒಂದೇ ಲೈನು ಮನೆಯಲ್ಲಿದ್ದಾರೆ. ಕೈ ಮುರಿದುಕೊಂಡು ಮಲಗಿರುವವನು, ಹೆಂಡತಿ ತೀರಿಕೊಂಡು ತಾಯಿಯ ಜತೆ ದನ ಕಟ್ಟಿಕೊಂಡಿರುವ ಬೂದಿಕೋಟೆಯವನು, ಇವಳನ್ನು ಮದುವೆಯಾಗಲು ಒಪ್ಪಿದ್ದವನು.

"ನನ್ ಮೈದುನಂಗೆ ನಾನು ಬೇಕಂತೆ. ಒಲ್ಲೆ ಅಂದೆ. ಆವತ್ತಿಂದ ಅಣ್ಣನ ಎಸ್ರಿಟ್ಕೊಂಡು ಬರೀತಾವ್ನೆ." ಅವಳು ಎಡ ಅಂಗೈ ಬಿಡಿಸಿ ತೋರಿಸಿದಳು. ಚರ್ಮ ಸುಟ್ಟು ನುಣ್ಣಗೆ ಕೆಂಪಗಾಗಿತ್ತು. "ಕಾದ ಎಂಚಿನ್ ಮ್ಯಾಲೆ ಇಟ್ಟು ಅದುಮ್ದ. ಎರಡ್ನೇ ಕಂತಲ್ಲಿ ಬಂತಲ್ಲ ಅದು."

ಬಂದಿತ್ತು. ದೆವ್ವ ಮುಟ್ಟಿದ ಕಡೆಯಲ್ಲೆಲ್ಲ ಅವಳ ಮೈ ಬೇಯುತ್ತದೆ, ಅದೇ ಅವನ ಪ್ರೀತಿಯ ಗುರುತು ಎಂದು ಬರೆದಿದ್ದ. ನಾನು ಪ್ರೀತಿಗೆ ಒಳ್ಳೆ ಅಂಕ ಕೊಟ್ಟಿದ್ದೆ.

ಕತೆಯ ಮುಂದಿನ ಭಾಗವನ್ನು ಹೊರಗೆ ಹೇಳಬಾರದೆಂದು ಕಂಪನಿಗೆ ಸಹಿ ಹಾಕಿ ಕೊಟ್ಟಿದ್ದೇನೆ. ಅಷ್ಟು ವರ್ಷದಲ್ಲಿ ಮನೆಯವರಿಗೂ ಒಂದು ಸಾಲು ಹೇಳಿದವಳಲ್ಲ. ಅವಳ ಅಂಗೈ ಇನ್ನೂ ಬಿಚ್ಚಿಯೇ ಇತ್ತು. ಹೇಳಿಬಿಟ್ಟೆ.

"ಮದುವೆಯ ಹಿಂದಿನ ದಿನ ಹೊಸ ಸೀರೆ ಉಟ್ಟು ಬೇಲಿಯ ಸಂದಿಯಲ್ಲಿ ಒಳಗೆ ಹೋಗ್ತೀಯ. ಶಾಫ್ಟಿಗೆ ಹಾರ್ತೀಯ. ಅಲ್ಲಿಗೆ ಇಬ್ಬರೂ ಒಂದಾದರು ಅಂತ ಕತೆ ಮುಗಿಯುತ್ತೆ."

ಅವಳು ಅಳಲಿಲ್ಲ. "ನಾನಾಗೇ ಹಾರ್ತೀನಾ, ಇಲ್ಲಾ ತಳ್ತಾರಾ?"

"ನೀನಾಗೇ ಅಂತ ಬರೆದಿದ್ದಾನೆ."

"ತಳ್ಳೋರು ಅಂಗೇ ಬರಿಯೋದು," ಎಂದಳು.

ರೈಲು ಬಂದು ಹೋಯಿತು, ನಾನು ಹತ್ತಲಿಲ್ಲ. ದೂರು ಕೊಡೋಣ ಎಂದೆ. ಕೈ ಮುರಿದುಕೊಂಡವನೇ ಒಪ್ಪುತ್ತಿಲ್ಲ, ದೆವ್ವದ ಮೇಲೆ ಕಂಪ್ಲೇಂಟ್ ಕೊಡಕಾಯ್ತದಾ ಅನ್ನುತ್ತಾರೆ ಎಂದಳು. ಅವಳ ಅಂಗೈ ತೋರಿಸಿದರೆ, ಒಲೆಯ ಮುಂದೆ ತಾನೇ ಸುಟ್ಟುಕೊಂಡಳು ಎನ್ನಲು ಮೈದುನ ತಯಾರಾಗಿದ್ದ. ಬೂದಿಕೋಟೆಯವರು ಹಿಂದೆ ಸರಿದರೆ ಅವಳಿಗೆ ಅದೇ ಲೈನು ಮನೆ, ಅದೇ ಮೈದುನ, ಉಳಿದ ಕಂತುಗಳು.

ನಾನು ಬೂದಿಕೋಟೆಗೆ ಬಸ್ಸು ಹತ್ತಿದೆ. ಗಂಡು ಪಟ್ಟಿ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ಟಿಗೆಯ ಮುಂದೆ ಕೂತಿದ್ದ. ಮುಖ ಕಾಣಲಿಲ್ಲ ಎಂದ. "ಮಂಜು ಅಕ್ಕ. ಇಂದ್ಗಡೆಯಿಂದ ಬಿತ್ತು. ಬಿದ್ಮ್ಯಾಲೆ ಕೈ ಮ್ಯಾಲೆ ಇನ್ನೊಂದು." ಅವನ ತಾಯಿ ನನ್ನನ್ನು ಬದಿಗೆ ಕರೆದು, "ನೀವು ಆ ಕತೆ ನೋಡ್ಕಳೋರಂತಲ್ಲ. ಆ ಬರ್ಯೋ ಉಡ್ಗುಂಗೆ ಒಂದ್ ಮಾತೇಳಿ ತಾಯಿ. ಕತೇಲಿ ನನ್ ಮಗನ್ನ ಬಿಟ್ಬುಡು ಅನ್ನಿ. ಮದ್ವೆ ಬ್ಯಾಡ ಅಂತೀವಿ," ಎಂದು ಕಣ್ಣೊರೆಸಿಕೊಂಡಳು. ಬರೆದವನ ಮುಂದೆ ಬಂದು ನೀವೇ ಕೇಳಿ ಎಂದೆ. ಸ್ಪರ್ಧೆಯ ಕೊನೆಯ ಸುತ್ತು ಚಾಂಪಿಯನ್ ರೀಫ್ಸ್‌ನ ಒಂದು ಹಾಲ್‌ನಲ್ಲಿತ್ತು. ಲೇಖಕರು ಎಲ್ಲರೆದುರು ಒಂದು ಕಂತು ಓದುತ್ತಾರೆ, ತೀರ್ಪುಗಾರರು ಪ್ರಶ್ನೆ ಕೇಳುತ್ತಾರೆ.

ಕತೆಯನ್ನು ಸ್ಪರ್ಧೆಯಿಂದ ತೆಗೆಯಿರಿ ಎಂದು ಕಂಪನಿಗೆ ಹೇಳಿದೆ. ವಿಭಾಗ ನೋಡಿಕೊಳ್ಳುವ ಹುಡುಗಿ ಒಳ್ಳೆಯವಳೇ. ಆದರೆ ಕೈ ಮುರಿದ ಸುದ್ದಿ ಹರಡಿದ ಮೇಲೆ ಕೇಳುವವರು ಹೆಚ್ಚಿದ್ದಾರೆ, ಸಾಕ್ಷಿ ಇಲ್ಲದೆ ತೆಗೆಯಲಾಗುವುದಿಲ್ಲ, ನೀವು ಬೇಕಿದ್ದರೆ ಅಂಕ ಕಡಿಮೆ ಹಾಕಿ ಮೇಡಂ ಎಂದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೊನ್ನೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಬಹುಮಾನ ತಪ್ಪಿದ ಕೋಪವನ್ನು ಅವನು ಯಾರ ಮೇಲೆ ತೀರಿಸುತ್ತಾನೆಂದು ನನಗೆ ಗೊತ್ತಿತ್ತು. ಹಾಗಾಗಿ ಪ್ರಶ್ನೆಯನ್ನೇ ಕೇಳುವುದೆಂದು ತೀರ್ಮಾನಿಸಿದೆ. ಹೊಲಿಗೆ ಕೇಂದ್ರಕ್ಕೆ ಹೋಗಿ ಅವಳಿಗೆ ಹೇಳಿದೆ.

"ಎಲ್ಲರ ಮುಂದೆ ಕೇಳ್ತೀನಿ. ನಿನಗೆ ಏಟು ಬೀಳಬಹುದು."

"ಬೀಳ್ದೆ ಇರೋ ದಿನ ಯಾವ್ದೈತೆ ಅಕ್ಕ. ಕೇಳಿ."

ಭಾನುವಾರ ಹಾಲ್ ತುಂಬಿತ್ತು. ಹೊಲಿಗೆಯವರೆಲ್ಲ ಒಂದು ಕಡೆ ಕೂತಿದ್ದರು, ಅವಳು ಅವರ ನಡುವೆ. ಬೂದಿಕೋಟೆಯ ತಾಯಿ ಮಗ ಹಿಂದಿನ ಬೆಂಚಿನಲ್ಲಿ. ಮುಂದಿನ ಸಾಲಿನಲ್ಲಿ ಬಿಳಿ ಕೂದಲಿನ ಮುದುಕಿ, ಮಗನ ಕತೆ ಕೇಳಲು ಒಗೆದ ಸೀರೆ ಉಟ್ಟು ಬಂದಿದ್ದ ಲೇಖಕನ ತಾಯಿ. ಅವನು ಎಂಟನೆಯ ಕಂತು ಓದಿದ. ಚೆನ್ನಾಗಿ ಓದಿದ ಅನ್ನದೆ ವಿಧಿಯಿಲ್ಲ. ದೆವ್ವ ಹೆಂಡತಿಯ ಜಡೆ ಹಿಡಿದು ಬಂಡೆಗೆ ಹಣೆ ಜಜ್ಜಿ, ಆ ರಕ್ತದಲ್ಲೇ ಅವಳ ಬೈತಲೆಗೆ ಕುಂಕುಮ ಇಡುವ ಕಂತು. ಜನ ಉಸಿರು ಬಿಗಿಹಿಡಿದು ಕೇಳಿದರು, ಮುಗಿದ ಮೇಲೆ ಸಿಳ್ಳೆ ಹೊಡೆದರು.

ನನ್ನ ಸರದಿ ಬಂತು. "ಮೊದಲ ಕಂತಿನಲ್ಲಿ ಬೇಲಿ ದಾಟಿದರೆ ಬೂದಿಯಾಗ್ತೀನಿ ಅಂತ ದೆವ್ವ ಹೇಳುತ್ತೆ. ಏಳನೆಯದರಲ್ಲಿ ಬೂದಿಕೋಟೆ ರಸ್ತೆಗೆ ಬಂದು ಕೈ ಮುರಿದಿದ್ದು ಯಾರು?"

"ದೆವ್ವನೇ."

"ಅದು ಬೂದಿಯಾಗಿರಬೇಕಿತ್ತಲ್ಲ."

"ಏಳಿದ್ನಲ್ಲ ಮೇಡಂ, ಪ್ರೀತಿ." ಅವನು ಜನರತ್ತ ತಿರುಗಿ ಕೈ ಎತ್ತಿದ. ಹಾಲ್ ಹೋ ಎಂದಿತು. "ದಾಟ್ತದೆ ಅಕ್ಕಾ, ಲವ್ ಇದ್ರೆ ದಾಟ್ತದೆ!" ಎಂದು ಹುಡುಗರು ಕೂಗಿದರು. ಪಕ್ಕದ ತೀರ್ಪುಗಾರ ನನ್ನ ಕಡೆ ಬಗ್ಗಿ, ಬಿಡಿ ಮೇಡಂ ಎಂದ. ನಾನು ಸೋತೆ ಅನ್ನಿಸಿತು. ಅಷ್ಟು ದಿನ ಕಟ್ಟಳೆ ಕಟ್ಟಳೆ ಎಂದು ಬಡಿದುಕೊಂಡಿದ್ದೆ, ಆ ಹಾಲ್‌ನಲ್ಲಿ ಅದು ಮೂರು ಕಾಸಿಗೂ ಬಾಳಲಿಲ್ಲ. ಅವಳ ಮುಖ ನೋಡಲು ನಾಚಿಕೆಯಾಯಿತು.

ಆಗ ಮುಂದಿನ ಸಾಲಿನ ಮುದುಕಿ ಎದ್ದು ನಿಂತಳು.

"ಅವ್ನು ದಾಟಲ್ಲ," ಎಂದಳು.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವಳು ಜನರ ಕಡೆಗೆ ತಿರುಗಿದಳು. "ಬೇಲಿ ಮಾತು ಇವ್ನು ಕಟ್ಟಿದ್ದಲ್ಲ, ನಾನೇಳಿದ್ದು. ನನ್ ದೊಡ್ಮಗ ಅದ್ರೊಳ್ಗವ್ನೆ. ದಿನಾ ಓಗಿ ಕಂಬಿ ಇಡ್ಕೊಂಡು ಮಾತಾಡ್ಸ್ತೀನಿ. ದಾಟೋ ಅಂಗಿದ್ರೆ ಮೊದ್ಲು ನನ್ತಾವ ಬತ್ತಿದ್ದ, ಮನೀಗ್ ಬತ್ತಿದ್ದ. ಒಂದ್ ದಿನಾನೂ ಬಂದಿಲ್ಲ." ಅವಳ ದನಿ ಒಡೆಯಿತು. "ಸತ್ತೋನ ತಲೆ ಮ್ಯಾಲೆ ಕೈ ಮುರ್ದ ಪಾಪ ಆಕ್ಬ್ಯಾಡ್ರಪ್ಪ. ಅವ್ನು ಇರ್ವೇನೂ ತುಳ್ದೋನಲ್ಲ."

ಸಿಳ್ಳೆ ನಿಂತಿತು. ಆ ಹಾಲ್‌ನಲ್ಲಿ ಅರ್ಧ ಜನಕ್ಕಾದರೂ ಗಣಿಯೊಳಗೆ ಉಳಿದ ಅಪ್ಪನೋ ತಾತನೋ ಇದ್ದ. ಸತ್ತವರು ಸತ್ತ ಜಾಗ ಬಿಟ್ಟು ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಹಿಂದೆ ಯಾರೋ ತಮಿಳಿನಲ್ಲಿ, "ಅಡಪ್ಪಾವಿ!" ಎಂದು ಆ ಪಾಪಿಗೆ ಬೈದರು.

ಮುದುಕಿ ಮಗನ ಕಡೆ ನೋಡಿದಳು. "ಆವತ್ ಬೆಳಿಗ್ಗೆ ನೀನೆಲ್ಲೋಗಿದ್ಲಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನು ಹೆಗಲು ಮುಟ್ಟಿಕೊಳ್ಳುವ ಗಂಡಸಲ್ಲ. ವೇದಿಕೆಯಿಂದ ಹಾರಿ, ತಾಯಿಯನ್ನು ದೂಡಿ, ಹೆಂಗಸರ ಸಾಲಿಗೆ ನುಗ್ಗಿ ಅತ್ತಿಗೆಯ ಜಡೆ ಹಿಡಿದ. "ಎಲ್ಲ ನಿಂದೇ ಕಣೇ" ಎಂದು ಬೆಂಚಿನ ಅಂಚಿಗೆ ಅವಳ ಮುಖ ಕುಟ್ಟಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ನಾನು ಓಡಿ ಅವನ ಅಂಗಿ ಹಿಡಿದು ಎಳೆದೆ. ಅವನು ಮೈಕಿನ ಕಬ್ಬಿಣದ ಸ್ಟ್ಯಾಂಡ್ ಕಿತ್ತುಕೊಂಡು ಬೀಸಿದ. ಬೀಸುವಾಗ ಸೌದೆ ಒಡೆಯುವವರ ಹಾಗೆ ಹ್ಞೂಂ ಎಂದು ಉಸಿರು ಬಿಟ್ಟ. ನನ್ನ ಭುಜದ ಮೂಳೆ ಮುರಿದಿದ್ದು ಗೊತ್ತಾಯಿತು. ನೋವು ಆಮೇಲೆ ಬಂತು.

ನೆಲದ ಮೇಲೆ ಬಿದ್ದಲ್ಲಿಂದ ಉಳಿದದ್ದನ್ನು ನೋಡಿದೆ. ಬೂದಿಕೋಟೆಯವನು ಪಟ್ಟಿ ಕಟ್ಟಿದ ಕೈಯೆತ್ತಿ ಓಡಿ ಬರುತ್ತಾ ಕೂಗುತ್ತಿದ್ದ. "ಇವ್ನೇ! ನಂಗೊಡೀವಾಗ್ಲೂ ಇಂಗೇ ಹ್ಞೂಂ ಅಂದ! ಇವ್ನೇ ಕಣ್ರೋ, ಮನುಷ್ಯ!" ಅಷ್ಟು ಹೊತ್ತಿಗೆ ಹೊಲಿಗೆಯ ಹೆಂಗಸರು ಲೇಖಕನ ಮೇಲೆ ಬಿದ್ದಿದ್ದರು. ಚಪ್ಪಲಿ, ಟಿಫನ್ ಡಬ್ಬಿ, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಒಬ್ಬಳು ಅವನ ಕಿವಿ ಕಚ್ಚಿ ಹಿಡಿದು ಬಿಡಲೇ ಇಲ್ಲ. ಬೂದಿಕೋಟೆಯ ತಾಯಿ ಅವನ ಬೆರಳುಗಳ ಮೇಲೆ ನಿಂತು, "ಬರಿ ಈಗ, ಬರಿ," ಎಂದು ತುಳಿಯುತ್ತಿದ್ದಳು. ಪೊಲೀಸರು ಬರದೇ ಇದ್ದಿದ್ದರೆ ಅವತ್ತು ಅವನು ಬದುಕುತ್ತಿರಲಿಲ್ಲ. ಬದುಕದಿದ್ದರೂ ಆಗಬಹುದು ಎಂದು ಬಿದ್ದಲ್ಲೇ ನಾನು ಅಂದುಕೊಂಡಿದ್ದು ನಿಜ. ಅದನ್ನು ಮುಚ್ಚಿಟ್ಟು ಬರೆಯಲಾರೆ.

ಮನುಷ್ಯನ ಮೇಲೆ ಕಂಪ್ಲೇಂಟ್ ಕೊಡಲು ಬೂದಿಕೋಟೆಯವನಿಗೆ ಯಾವ ಭಯವೂ ಇರಲಿಲ್ಲ. ಆಸ್ಪತ್ರೆಯಲ್ಲೇ ಎಡಗೈ ಹೆಬ್ಬೆಟ್ಟು ಒತ್ತಿದ. ಅವಳು ಬಾಯಿಗೆ ಹೊಲಿಗೆ ಹಾಕಿಸಿಕೊಂಡು, ಮಾತಾಡಲಾಗದೆ, ಸುಟ್ಟ ಅಂಗೈಯನ್ನು ಪೊಲೀಸರ ಮುಂದೆ ಹಿಡಿದಳು. ಕಂಪನಿ ಕತೆಯನ್ನು ನಿಲ್ಲಿಸಿತು. ಸ್ವಲ್ಪ ದಿನದ ಮೇಲೆ, ಬೇರೆಯವರ ಕೈಲಿ ಮುಗಿಸಿದರೆ ಹೇಗೆ ಎಂದು ನನ್ನನ್ನೇ ಕೇಳಿದರು. ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಏಳನೆಯ ಕಂತಿನ ಎಂಟು ಅಂಕವನ್ನು ಮಾತ್ರ ಹೊಡೆದುಹಾಕಲಿಲ್ಲ. ಬರವಣಿಗೆ ಚೆನ್ನಾಗಿತ್ತು. ಈಗ ಯಾವ ಕತೆಯಲ್ಲಿ ಏಟು ಚೆನ್ನಾಗಿ ಬಂದರೂ, ಇದು ಯಾರ ಮೈಮೇಲೆ ಬಿದ್ದು ಬಂತು ಎಂದು ಯೋಚಿಸಿ ಅಲ್ಲೇ ನಿಂತುಬಿಡುತ್ತೇನೆ. ಕೆಲಸ ಮೊದಲಿನಷ್ಟು ಬೇಗ ಸಾಗುವುದಿಲ್ಲ.

ಅವಳಿಗೆ ಸೀರೆ ಉಡಿಸಿ ಮದುವೆ ಮಾಡುವ ದಿನ ನನ್ನ ಭುಜಕ್ಕೆ ಇನ್ನೂ ಪಟ್ಟಿಯಿತ್ತು. ಬೂದಿಕೋಟೆಯ ಮನೆಯ ಹಿತ್ತಲಲ್ಲಿ ನಾವು ಹತ್ತಾರು ಜನ. ಹೊಸ ಸೀರೆ ಉಡುವ ಮೊದಲು ಸತ್ತ ಗಂಡನಿಗೆ ಎಡೆ ಇಟ್ಟು ಅಪ್ಪಣೆ ಕೇಳಬೇಕೆಂದು ಹಿರಿಯರು ಹೇಳಿದರು. ಕಾಗೆ ಮುಟ್ಟಿದರೆ ಅಪ್ಪಣೆ ಸಿಕ್ಕಿದ ಹಾಗೆ. ಅವಳ ಅತ್ತೆಯೇ ಚಾಂಪಿಯನ್‌ನಿಂದ ಬಂದು ಮುದ್ದೆ ತಿರುವಿ, ಮಗನಿಗೆ ಇಷ್ಟವಾದ ಬೋಟಿ ಸಾರು ಮಾಡಿ ಎಲೆಗೆ ಬಡಿಸಿ, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಟ್ಟಳು. ಎಲ್ಲರೂ ದೂರ ಸರಿದು ಕಾದೆವು.

ಬೇವಿನ ಮರದ ತುಂಬ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ. ಕಾ ಕಾ ಎಂದು ಕರೆದರು, ಎಲೆಗೆ ನೀರು ಚಿಮುಕಿಸಿದರು, ಬಿಸಿಲು ಏರಿತು. ಗಂಡಿನ ತಾಯಿ ನನ್ನ ಮುಖ ನೋಡಿದಳು. "ಒಪ್ಪಿಲ್ವೇನೋ," ಎಂದು ಯಾರೋ ಪಿಸುಗುಟ್ಟಿದರು. ಗಂಡು ತನ್ನ ಸೊಟ್ಟಗೆ ಕೂಡಿದ ಮೊಳಕೈಯನ್ನು ಸವರಿಕೊಳ್ಳಲು ಶುರುಮಾಡಿದ. ಭಯ ಅವರ ಮನೆಗೆ ಮತ್ತೆ ಬಂದಿತ್ತು. ಅದಕ್ಕೆ ಯಾವ ಪ್ರಶ್ನೆ ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಮದುಮಗಳೇ ಎದ್ದು ಹೋಗಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಬದುಕಿದ್ದಾಗ್ಲೂ ಕೂಗಿದ್ ಒತ್ಗೆ ಯಾವತ್ತೂ ಉಣ್ಣಾಕ್ ಬಂದೋನಲ್ಲ," ಎಂದಳು. "ಸಾರು ಆರೋಯ್ತದೆ."

ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಮುಂದಿನ ಹಲ್ಲಿಲ್ಲದೆ ಒಂದು ಪಕ್ಕದಲ್ಲೇ ನುಂಗಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. ನಗುತ್ತಲೇ ಪಾತ್ರೆ ಎತ್ತಿಕೊಂಡು ಬಂದು, "ಅದು ನಿಜ ಕಣವ್ವ," ಎಂದು ಅವಳ ಎಲೆಗೆ ಇನ್ನೊಂದು ಸೌಟು ಬಡಿಸಿದಳು.